ಎಲೆ ಮಡಚದ ಪದ್ದಕ್ಕ

ಚುನಾವಣೆಯ ಸಮಯ. ರಿಪ್ಪನ್‌ಪೇಟೆಯ ಮೈದಾನದಲ್ಲಿ ಒಬ್ಬ ಅಭ್ಯರ್ಥಿಯ ಭಾಷಣ ನಡೆದಿತ್ತು. ಅವರು ಇನ್ನೂ ರಸ್ತೆ, ಚರಂಡಿ ಮುಗಿಸಿ ಕುಡಿಯುವ ನೀರಿಗೆ ಬಂದಿರಲಿಲ್ಲ, ಆಕಾಶವೇ ನೀರಿನ ವಿಷಯ ಎತ್ತಿಕೊಂಡಿತು. ಜನ ಪ್ಲಾಸ್ಟಿಕ್ ಕುರ್ಚಿಯನ್ನೇ ತಲೆ ಮೇಲೆ ಹೊತ್ತುಕೊಂಡು ಓಡಿದರು. ಹಾರ ಹಾಕಿದವರು ಓಡಿದರು, ಜೈಕಾರ ಕೂಗಿದವರು ಅವರಿಗಿಂತ ಮುಂದೆ ಓಡಿದರು. ಮೂರನೇ ಸಾಲಿನಲ್ಲಿ ಒಬ್ಬಳು ಮಾತ್ರ ಛತ್ರಿ ಬಿಡಿಸಿಕೊಂಡು, ಸೀರೆ ನೆರಿಗೆ ಮೇಲಕ್ಕೆ ಎತ್ತಿ ಹಿಡಿದು, ಮುಖ ಎತ್ತಿ ಕೇಳುತ್ತ ಕೂತಿದ್ದಳು. ಆ ಅಭ್ಯರ್ಥಿಗೆ ನಿಲ್ಲಿಸುವಂತಿಲ್ಲ, ಮುಂದುವರಿಸುವಂತಿಲ್ಲ. ಕೊನೆಗೆ ಮೈಕು ಬಿಟ್ಟು ಕೆಳಗಿಳಿದು ಬಂದು ಕೈಮುಗಿದು, ಅಮ್ಮಾ ನೀವು ಮನೆಗೆ ಹೊರಡಿ, ಆಗ ನಾನೂ ಹೊರಡ್ತೀನಿ ಅಂದರಂತೆ. ಅವಳು ಎದ್ದಳು. ವೋಟನ್ನು ಮಾತ್ರ ಎದುರು ಪಕ್ಷಕ್ಕೆ ಹಾಕಿದಳು.

ಅವಳು ನಮ್ಮ ಪಕ್ಕದ ಮನೆಯ ಪದ್ದಕ್ಕ. ಪದ್ಮಾವತಿ ಅನ್ನುವ ಪೂರ್ತಿ ಹೆಸರು ಪಡಿತರ ಚೀಟಿಗೆ ಮಾತ್ರ ಗೊತ್ತಿತ್ತು. ನನ್ನ ಅಮ್ಮನಿಗಿಂತ ದೊಡ್ಡವಳು, ಆದರೆ ಬೀದಿಗೆಲ್ಲ ಅಕ್ಕ. ವೋಟು ಹಾಕದವರ ಭಾಷಣ ಮಳೆಯಲ್ಲಿ ಕೂತು ಯಾಕೆ ಕೇಳಿದೆ ಅಂತ ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಅವಳ ಬದುಕಿನ ಏಕೈಕ ಸಿದ್ಧಾಂತ:

"ಬಡಿಸೋರ ಕೈ ನಿಲ್ಲೋಕೆ ಮುಂಚೆ ಎಲೆ ಮಡಚಬಾರದು ಕಣಾ. ಅವ್ರಿಗೆ ಬೇಜಾರಾಗ್ತದೆ."

ನಮ್ಮ ಕಡೆ ಪಂಕ್ತಿಯ ಊಟದಲ್ಲಿ ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ. ಯಾರೋ ಒಬ್ಬ ಮುದುಕರು ಮಜ್ಜಿಗೆ ಅನ್ನವನ್ನು ನಿಧಾನಕ್ಕೆ ಕಲಸುತ್ತ ಕೂತರೆ, ಉಳಿದವರೆಲ್ಲ ಒಣಗಿದ ಕೈ ಮುಂದೆ ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತ ಕಾಯಬೇಕು. ಇದೇನು ಹೊಸದಲ್ಲ. ಆದರೆ ಎಲೆಯ ಈ ಕಾನೂನನ್ನು ಪದ್ದಕ್ಕ ಇಡೀ ಲೋಕಕ್ಕೆ ಹಚ್ಚಿಬಿಟ್ಟಿದ್ದಳು. ಮಾತಾಡುವವನು ಬಡಿಸುವವನು, ಕೇಳುವವಳು ಉಣ್ಣುವವಳು. ವಿಮೆ ಮಾಡಿಸಲು ಬಂದವನು ಅವಳ ಜಗಲಿಯಲ್ಲಿ ತನ್ನ ಕಂಪನಿಯ ಎಲ್ಲ ಯೋಜನೆಗಳನ್ನೂ ವಿವರಿಸಿ, ನೀರು ಕುಡಿದು, ಮತ್ತೆ ಮೊದಲಿನಿಂದ ವಿವರಿಸಿ, ಬರಿಗೈಯಲ್ಲಿ ಖುಷಿಯಾಗಿ ಹೋಗಿದ್ದ. ವರದಹಳ್ಳಿಯ ಆಶ್ರಮಕ್ಕೆ ಹೋದಾಗ ಪಕ್ಕ ಕೂತ ಅಪರಿಚಿತ ಹೆಂಗಸು ತನ್ನ ಮೂರು ಸೊಸೆಯಂದಿರ ಚರಿತ್ರೆ ಹೇಳಿ ಮುಗಿಸುವಷ್ಟರಲ್ಲಿ ಊರಿನವರ ವ್ಯಾನು ಇವಳನ್ನು ಬಿಟ್ಟು ಬಂದಿತ್ತು. ಹೊಸನಗರದ ನೆಂಟರ ಮನೆಯಲ್ಲಿ ಯಾರದೋ ಮದುವೆಯ ವಿಡಿಯೋ ಹಾಕಿದರೆ, ವಿಡಿಯೋದವನು ಕ್ಯಾಮೆರಾ ಆರಿಸಲು ಮರೆತು ತನ್ನದೇ ಚಪ್ಪಲಿಯನ್ನು ತೆಗೆದ ಭಾಗವನ್ನೂ ಪದ್ದಕ್ಕ ಬಿಡದೆ ನೋಡಿದ್ದಳು.

ದೇವರು ಜೋಡಿ ಮಾಡುವಾಗ ತಮಾಷೆ ಮಾಡುತ್ತಾನೆ. ಅವಳ ಗಂಡ ಗೋಪಾಲಣ್ಣ, ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು, ಜೀವಮಾನದಲ್ಲಿ ಯಾವುದನ್ನೂ ಪೂರ್ತಿ ಕೂತು ಮುಗಿಸಿದವರಲ್ಲ. ನೀವು ಮಾತಾಡುತ್ತಿರುವಾಗಲೇ "ಬತ್ತೀನಿ" ಅಂತ ಎದ್ದು ಹೋಗಿರುತ್ತಿದ್ದರು. ನೀವು ಉಳಿದ ಅರ್ಧ ವಾಕ್ಯವನ್ನು ಕಂಬಕ್ಕೆ ಹೇಳಬೇಕಿತ್ತು. ಯಕ್ಷಗಾನದ ಆಟಕ್ಕೆ ಹೋದರೆ ಭಾಗವತರು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಎದ್ದಿರುತ್ತಿದ್ದರು. ವಾರಕ್ಕೊಂದು ಸಲ ತೀರ್ಥಹಳ್ಳಿಯ ಅಕ್ಕನ ಮನೆಗೆ ಅಂತ ಬಸ್ಸು ಹತ್ತುತ್ತಿದ್ದರು. ಅಲ್ಲಿಂದ ಅರ್ಧಕ್ಕೇ ಎದ್ದು ಇನ್ನೆಲ್ಲಿಗೋ ಹೋಗಿ, ಮಧ್ಯಾಹ್ನಕ್ಕೆ ಬರುತ್ತೇನೆ ಅಂದವರು ದೀಪ ಹಚ್ಚಿದ ಮೇಲೆ ಬರುತ್ತಿದ್ದರು. ಪದ್ದಕ್ಕ ಅವರಿಗಾಗಿ ಅನ್ನ ಮುಚ್ಚಿಟ್ಟು, ತಾನೂ ಉಣ್ಣದೆ ಕಾಯುವುದು, ಅವರು ಬಂದು "ನೀನು ಉಂಡ್ಕಳಕ್ಕೆ ಎಂತಾಗಿತ್ತು?" ಅಂತ ಬೈಯುವುದು, ಇದು ನಮ್ಮ ಗೋಡೆಯ ಆಚೆ ಪ್ರತಿ ವಾರ ಕೇಳುವ ಸಂಗತಿ.

ಇನ್ನು ನನ್ನ ವಿಷಯ. ನಾನು ವಿಡಿಯೋ ಕಲಾವಿದ. ಇದನ್ನು ಊರಿಗೆ ವಿವರಿಸುವುದರಲ್ಲೇ ನನ್ನ ಯೌವನ ಕಳೆಯಿತು. ಚಿತ್ರಕಲೆ ಕಲಿಯಲು ಮೈಸೂರಿಗೆ ಹೋದವನು, ಕೈ ಬರೆಯಲು ಒಪ್ಪುತ್ತಿಲ್ಲ ಅಂತ ಗೊತ್ತಾದ ಮೇಲೆ ಕ್ಯಾಮೆರಾ ಹಿಡಿದೆ. ಅದಕ್ಕೆ ಮೇಷ್ಟರೊಬ್ಬರು ಹೊಸ ಮಾಧ್ಯಮದ ಹುಡುಕಾಟ ಅಂತ ಹೆಸರಿಟ್ಟರು. ಆ ಹೆಸರು ಇಡದೆ ಇದ್ದಿದ್ದರೆ ಮಾನವಾಗಿ ಒಂದು ಸ್ಟುಡಿಯೋ ಇಟ್ಟುಕೊಂಡು ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೆ. ಊರಿಗೆ ಬಂದು 'ವಿಡಿಯೋ ಕಲಾವಿದ' ಅಂತ ಕಾರ್ಡು ಹೊಡೆಸಿ ಹಂಚಿದೆ. ಮರುವಾರದಿಂದ ಫೋನು ಬರಲು ಶುರುವಾಯಿತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ, ಡ್ರೋನ್ ಇದ್ಯಾ? ನಾನು ಕಲೆಗೂ ಮದುವೆಗೂ ಇರುವ ವ್ಯತ್ಯಾಸ ಹೇಳಲು ಹೋಗುತ್ತಿದ್ದೆ. ಕೊನೆಗೆ ಮದುವೆಗೇ ಹೋಗುತ್ತಿದ್ದೆ. ಅಲ್ಲೂ ವಧುವನ್ನು ಬಿಟ್ಟು ಒಲೆಯ ಹೊಗೆಯನ್ನು ಹತ್ತು ನಿಮಿಷ ತೆಗೆದು, ಒಂದು ಮನೆಯವರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ನನ್ನ ಮೊದಲ ನಿಜವಾದ ಕೃತಿ ನಮ್ಮ ಹಿತ್ತಲಿನ ನಲ್ಲಿಯದು. ಒಂದು ಸ್ಟೀಲಿನ ಬಿಂದಿಗೆ, ಮೇಲೆ ಹನಿ ಹನಿ ತೊಟ್ಟಿಕ್ಕುವ ನಲ್ಲಿ. ಬಿಂದಿಗೆ ತುಂಬುವ ತನಕ, ತುಂಬಿ ಚೆಲ್ಲುವ ತನಕ ಕ್ಯಾಮೆರಾ ಕದಲುವುದಿಲ್ಲ. ಅಮ್ಮನಿಗೆ ತೋರಿಸಿದೆ. ಅವಳು ಒಂದು ನಿಮಿಷ ನೋಡಿ, ಇದಕ್ಕೆ ಕರೆಂಟು ಬೇರೆ ದಂಡ ಅಂತ ಹೇಳಿ ಒಗ್ಗರಣೆಗೆ ಹೋದಳು. ಪದ್ದಕ್ಕನನ್ನು ಕರೆದೆ. ಅವಳು ಬಂದು, ಸೆರಗು ಹೊದ್ದುಕೊಂಡು, ಕಂಪ್ಯೂಟರಿಗೆ ಸರಿಯಾಗಿ ಎದುರು ಕೂತಳು. ಬಿಂದಿಗೆ ತುಂಬಿ ಚೆಲ್ಲತೊಡಗಿದಾಗ ಅವಳ ಎರಡೂ ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ನನಗೋ ಪುಳಕ. ನನ್ನ ಕಲೆ ಇವಳ ಒಳಗನ್ನು ಕಲಕುತ್ತಿದೆ ಅಂತ ನಿಂತು ನೋಡಿದೆ. ಮುಗಿದ ಕೂಡಲೇ ಅವಳು ಸರಸರ ತನ್ನ ಮನೆಗೆ ಹೋಗಿ ಹಿತ್ತಲಿನ ನಲ್ಲಿ ತಿರುಗಿಸಿ ಭದ್ರ ಮಾಡಿ ಬಂದಳು.

ಹೆಂಗಿತ್ತು ಪದ್ದಕ್ಕ ಅಂತ ಕೇಳಿದೆ.

"ಉಂಡ ಮೇಲೆ ಹೆಸರಿಡಬಾರದು," ಅಂದಳು.

ನನ್ನ ಸಂಕಟ ಶುರುವಾದದ್ದು ಅಲ್ಲಿಂದ. ಲೋಕದಲ್ಲಿ ನನ್ನ ವಿಡಿಯೋಗಳನ್ನು ಕೊನೆಯ ತನಕ ನೋಡಿದ ಒಂದೇ ಜೀವ ಪದ್ದಕ್ಕ. ಆದರೆ ಅವಳು ವಿಮೆಯವನನ್ನೂ ಕೊನೆಯ ತನಕ ಕೇಳಿದವಳು, ಯಾರದೋ ಚಪ್ಪಲಿಯನ್ನೂ ಕೊನೆಯ ತನಕ ನೋಡಿದವಳು. ಹಾಗಾದರೆ ನಾನು ಯಾವ ಲೆಕ್ಕದಲ್ಲಿ ಬಂದೆ? ಅವಳಿಗೆ ಇಷ್ಟವಾಯಿತೋ, ಮರ್ಯಾದೆಗೆ ಕೂತಳೋ? ಇದೊಂದು ತಿಳಿದರೆ ಸಾಕಿತ್ತು. ಚೆನ್ನಾಗಿದೆ ಅಂದರೆ ಈ ಕೆಲಸದಲ್ಲಿ ಮುಂದುವರಿಯುವುದು, ಚೆನ್ನಾಗಿಲ್ಲ ಅಂದರೆ ಡ್ರೋನ್ ಕೊಳ್ಳುವುದು, ಅಷ್ಟರ ಮಟ್ಟಿಗೆ ನಾನು ಮನಸ್ಸು ಮಾಡಿಕೊಂಡಿದ್ದೆ. ಪ್ರತಿ ಹೊಸ ವಿಡಿಯೋ ಮುಗಿದಾಗಲೂ ಕರೆದು ತೋರಿಸುತ್ತಿದ್ದೆ, ಮುಗಿದ ಮೇಲೆ ಅವಳ ಮುಖ ನೋಡುತ್ತಿದ್ದೆ. ಇರುವೆ ಸಾಲಿನದ್ದು ನೋಡಿ "ಪಾಪ, ಬಗ್ಗಿ ಬಗ್ಗಿ ತೆಗ್ದಿದ್ದೀಯ, ಸೊಂಟ ನೋಯ್ಲಿಲ್ವಾ?" ಅಂದಳು. ಮುಚ್ಚಿದ ಬಾಗಿಲಿನದ್ದು ನೋಡಿ ಕಾಫಿ ಮಾಡಿಕೊಟ್ಟಳು. ಕಾಫಿಗೆ ಸಕ್ಕರೆ ಜಾಸ್ತಿ ಹಾಕಿದ್ದಳು ಅಂತ ನಾನು ಅದನ್ನೇ ವಿಮರ್ಶೆ ಅಂದುಕೊಂಡು ಸಮಾಧಾನ ಮಾಡಿಕೊಂಡೆ.

ಹೊರಗೆ ನನ್ನ ಹೆಸರು ಅಷ್ಟಿಷ್ಟು ಓಡಾಡತೊಡಗಿತು. ಬೆಂಗಳೂರಿನ ಗ್ಯಾಲರಿಯಲ್ಲಿ ಹಾಕಿದರು. ಕಾಫಿ ಲೋಟ ಹಿಡಿದು ಬಂದವರು ಕಾಫಿ ಆರುವ ಮೊದಲೇ ಮುಂದಿನ ಗೋಡೆಗೆ ಹೋಗುತ್ತಿದ್ದರು. ಹೊರದೇಶದ ಒಂದು ಊರಿನಲ್ಲೂ ಹಾಕಿದರು. ಅಲ್ಲಿ ನನಗೆ ಕೊಟ್ಟದ್ದು ಒಂದು ಉದ್ದ ಓಣಿಯ ಗೋಡೆ. ಮೊದಲ ದಿನ ಹೋಗಿ ನೋಡಿದರೆ ನನ್ನ ವಿಡಿಯೋದ ಎದುರು ಜನ ಸಾಲಾಗಿ ನಿಂತಿದ್ದಾರೆ! ಕಣ್ಣಲ್ಲಿ ನೀರು ಬಂತು. ಫೋಟೋ ತೆಗೆದು ಊರಿಗೆ ಕಳಿಸಿದೆ. ಅವರು ನಿಂತದ್ದು ಯಾತಕ್ಕೆ ಅಂತ ತಿಳಿದದ್ದು, ಓಣಿಯ ತುದಿಯ ಬಾಗಿಲು ತೆರೆದು ಒಬ್ಬೊಬ್ಬರೇ ಒಳಗೆ ಹೋಗಿ, ಕೈ ಒರೆಸಿಕೊಂಡು ಹೊರಗೆ ಬಂದಾಗ. ಊರಿನ ಮೊಬೈಲುಗಳಲ್ಲಿ ಆ ಫೋಟೋ ಇನ್ನೂ ಇದೆ. ನಾನು ತಿದ್ದುಪಡಿ ಕಳಿಸಲಿಲ್ಲ.

ಆಮೇಲೆ ನಾನು ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡನ್ನು ತೆಗೆದೆ. ಒಂದು ಚಳಿಗಾಲದ ಬೆಳಿಗ್ಗೆ, ಎದುರಿನ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕ್ಯಾಮೆರಾ ನಿಲ್ಲಿಸಿದೆ. ಮಂಜು, ಮುಸುಕು ಹಾಕಿಕೊಂಡು ನಿಂತ ನಾಲ್ಕಾರು ಜನ, ಬಂದು ಹೋಗುವ ಬಸ್ಸು. ಆದರೆ ನನ್ನ ಜೀವ ಇದ್ದದ್ದು ರಸ್ತೆಯ ನಡುವೆ ಬಿದ್ದ ಒಂದು ಬಿಳಿ ಪ್ಲಾಸ್ಟಿಕ್ ಕವರಿನ ಮೇಲೆ. ಬಸ್ಸು ಬಂದಾಗ ಅದು ಏಳುತ್ತದೆ, ಹಾರುತ್ತದೆ, ಮತ್ತೆ ಅಲ್ಲೇ ಬೀಳುತ್ತದೆ. ಎಲ್ಲಿಗೂ ಹೋಗುವುದಿಲ್ಲ. ಅದನ್ನು ನೋಡಿ ನನಗೆ ಮೈಮೇಲೆ ಮುಳ್ಳೆದ್ದಿತು. ಕವರೇ ನಾವು, ನಾವೇ ಕವರು ಅಂತ ಮೂರು ಪುಟ ಬರೆದೆ. ಹತ್ತು ನಿಮಿಷದ ಈ ವಿಡಿಯೋಗೆ 'ನಿಲ್ದಾಣ' ಅಂತ ಹೆಸರಿಟ್ಟು, ಕೊನೆ ಮತ್ತು ಮೊದಲು ಒಂದಕ್ಕೊಂದು ಕೂಡುವ ಹಾಗೆ ಹೊಲಿದು, ಇದಕ್ಕೆ ಅಂತ್ಯವೇ ಇಲ್ಲ, ಕಾಲದ ಹಾಗೆ ಸುತ್ತುತ್ತಲೇ ಇರುತ್ತದೆ ಅಂತ ನಾಲ್ಕನೇ ಪುಟವನ್ನೂ ಬರೆದೆ.

ಆ ಬೇಸಿಗೆಯಲ್ಲಿ ಗೋಪಾಲಣ್ಣ ಹೋದರು. ಮಧ್ಯಾಹ್ನ ಊಟಕ್ಕೆ ಕೂತಿದ್ದವರು, ಸಾರನ್ನಕ್ಕೆ ಇನ್ನೂ ಕೈ ಹಾಕಿರಲಿಲ್ಲ, ಯಾಕೋ ಸೆಕೆ, ಹೊರಗೆ ಕೂತು ಬತ್ತೀನಿ ಅಂತ ಎದ್ದರಂತೆ. ಜಗಲಿಯ ಕುರ್ಚಿಯಲ್ಲಿ ಕೂತವರು ಒಳಗೆ ಬರಲಿಲ್ಲ. ಅವರು ಹೀಗೆ ಅರ್ಧಕ್ಕೆ ಏಳುವುದು ಹೊಸದಲ್ಲವಲ್ಲ, ಪದ್ದಕ್ಕ ಬಡಿಸಿದ ತಟ್ಟೆಯ ಎದುರು ಕಾಯುತ್ತ ಕೂತೇ ಇದ್ದಳು. ನಮ್ಮ ಅಮ್ಮ ಏನೋ ಕೇಳಲು ಹೋದವಳು ಮೊದಲು ನೋಡಿದ್ದು. ಆಮೇಲೆ ಬಹಳ ದಿನ ಪದ್ದಕ್ಕ ಯಾರ ಮಾತಿಗೂ ಕೂರಲಿಲ್ಲ, ಅಂದರೆ ಅವಳ ಹತ್ತಿರ ಯಾರೂ ಮಾತಾಡಲು ಹೋಗಲಿಲ್ಲ. ಗೋಡೆಯ ಆಚೆ ಬೈಗುಳ ಇಲ್ಲದೆ ನಮಗೇ ಊಟ ಸೇರುತ್ತಿರಲಿಲ್ಲ. ಆಗಷ್ಟೇ ಮುಗಿದಿದ್ದ 'ನಿಲ್ದಾಣ'ವನ್ನು ಅವಳನ್ನು ಕರೆದು ತೋರಿಸಲು ನನಗೂ ಬಾಯಿ ಬರಲಿಲ್ಲ.

ವರ್ಷಾಂತಿಕ ಕಳೆದ ಮೇಲೆ ಸಾಗರದಲ್ಲಿ ನನ್ನ ಪ್ರದರ್ಶನ ಇಟ್ಟುಕೊಂಡೆ. ಇದು ನನ್ನ ಬಹುದಿನದ ಆಸೆ. ಎಲ್ಲೆಲ್ಲಿಯವರೋ ಅರ್ಧ ನಿಮಿಷ ನೋಡಿ ಹೋದರು, ನಮ್ಮವರು ಒಂದು ಸಲ ನೋಡಲಿ. ಒಂದು ಸಮುದಾಯ ಭವನ ಹಿಡಿದೆ, ಮದುವೆಗೆ ಪರದೆ ಹಾಕುವವರಿಂದಲೇ ದೊಡ್ಡ ಪರದೆ ತರಿಸಿದೆ, ಉಪ್ಪಿಟ್ಟು ಕೇಸರಿಬಾತು ಹೇಳಿದೆ. ರಿಪ್ಪನ್‌ಪೇಟೆಯಿಂದ ಒಂದು ವ್ಯಾನು ತುಂಬ ಜನ ಬಂದರು. ಅಮ್ಮ, ಟೈಲರು, ನಿವೃತ್ತ ಮೇಷ್ಟರು, ಬಟ್ಟೆ ಅಂಗಡಿಯವರು. ಎಲ್ಲರ ನಡುವೆ ಬಿಳಿ ಸೀರೆಯಲ್ಲ, ತನ್ನ ಮಾಮೂಲಿ ಹಸಿರು ಸೀರೆ ಉಟ್ಟ ಪದ್ದಕ್ಕ. ಬಂದವರಲ್ಲಿ ಅವಳೇ ಹಿರಿಯಳು ಅಂತ ಎಲ್ಲರೂ ಸೇರಿ ಮೊದಲ ಸಾಲಿನ ನಡುವೆ ಕೂರಿಸಿದರು. ದೀಪ ಹಚ್ಚಿದೆವು, ನಾನು ಕವರಿನ ಮಹತ್ವ ಹೇಳಿದೆ, 'ನಿಲ್ದಾಣ' ಹಾಕಿದೆವು. ಗ್ಯಾಲರಿಗಳಲ್ಲಿ ಹಾಕುವಂತೆ, ಮುಗಿದ ಕೂಡಲೇ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುವ ಹಾಗೆ ಇಟ್ಟಿದ್ದೆ. ಬೇಕಾದವರು ಬೇಕಾದಾಗ ಬಂದು, ಬೇಕಾದಷ್ಟು ನೋಡಿ, ಎದ್ದು ಹೋಗಲಿ ಅನ್ನುವುದು ಅದರ ಕ್ರಮ. ಆ ಕ್ರಮವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೊದಲ ಸುತ್ತು ಮುಗಿಯಿತು. ಒಬ್ಬರೂ ಏಳಲಿಲ್ಲ. ಎರಡನೆಯದು ಶುರುವಾಯಿತು. ಟೈಲರು ಪಕ್ಕದವರಿಗೆ, ಮದುವೆ ವಿಡಿಯೋದಲ್ಲೂ ತಾಳಿ ಕಟ್ಟೋದನ್ನ ಎರಡೆರಡು ಸಲ ತೋರಿಸ್ತಾರೆ ಅಂತ ಸಮಾಧಾನ ಹೇಳಿದ್ದು ಕೇಳಿಸಿತು. ಮೂರನೆಯದಕ್ಕೆ ಮೇಷ್ಟರು, ಇದು ಬೇರೆ ದಿನದ ಬಸ್ಸು, ಸರಿಯಾಗಿ ನೋಡಿ ಅಂದರು. ಆಮೇಲೆ ಮಾತು ನಿಂತಿತು. ಸಭೆ ತುಂಬ ನಿಶ್ಶಬ್ದ. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ನೋಡಿ, ಮಹಾನಗರಗಳಿಗೆ ಇಲ್ಲದ ಸಂಸ್ಕಾರ ನನ್ನ ಜನಕ್ಕಿದೆ, ಕವರಿನ ನೋವು ಇವರಿಗೆ ಮುಟ್ಟಿದೆ ಅಂದುಕೊಂಡೆ. ಮುಂದೆ ಯಾವುದಾದರೂ ಪ್ರಶಸ್ತಿ ಬಂದರೆ ಮಾಡಬೇಕಾದ ಭಾಷಣವನ್ನು ಅಲ್ಲೇ ನಿಂತು ಅರ್ಧ ತಯಾರಿಸಿದೆ. ಉಪ್ಪಿಟ್ಟಿನವನು ಬಂದು ಬಡಿಸಬಹುದಾ ಅಂತ ಕೇಳಿದ. ಕಲೆಯ ನಡುವೆ ಉಪ್ಪಿಟ್ಟಿನ ಮಾತೇ ಅಂತ ಅವನನ್ನು ಕಣ್ಣಲ್ಲೇ ಗದರಿಸಿ ಕಳಿಸಿದೆ. ಅವನು ಮತ್ತೆ ಬಂದ. ಮತ್ತೆ ಗದರಿಸಿದೆ.

ಕೊನೆಗೆ ಅಮ್ಮ ಗೋಡೆ ಬದಿಯಿಂದ ಬಗ್ಗಿಕೊಂಡು, ಯಾರಿಗೂ ಕಾಣದ ಹಾಗೆ ನನ್ನ ಹತ್ತಿರ ಬಂದಳು. ಅವಳೂ ಭಾವಪರವಶಳಾಗಿದ್ದಾಳೆ ಅಂದುಕೊಂಡು ಕೈ ಹಿಡಿದುಕೊಂಡೆ.

"ನಿಲ್ಸಾ ಅದನ್ನ," ಅಂದಳು. "ಪದ್ದಕ್ಕ ಏಳಲ್ಲ. ಪದ್ದಕ್ಕ ಏಳದೆ ಇವ್ರು ಯಾರೂ ಏಳಲ್ಲ. ಸಕ್ಕರೆ ಕಾಯಿಲೆಯವ್ರಿದ್ದಾರೆ, ಹಸ್ಕಂಡು ಬಿದ್ರೆ ಯಾರು ಹೊಣೆ?"

ಆಗ ನೋಡಿದೆ. ಸಭೆಯ ಕಣ್ಣು ಪರದೆಯ ಮೇಲೆ ಇರಲೇ ಇಲ್ಲ. ಎಲ್ಲರೂ ಮೊದಲ ಸಾಲಿನ ನಡುವಿನ ಹಸಿರು ಸೀರೆಯ ಬೆನ್ನನ್ನೇ ನೋಡುತ್ತಿದ್ದರು, ಮಜ್ಜಿಗೆ ಅನ್ನ ಯಾವಾಗ ಮುಗಿಯುತ್ತದೋ ಅನ್ನುವ ಹಾಗೆ. ಹಿರಿಯಳು ಏಳದೆ ಪಂಕ್ತಿ ಎದ್ದೀತು ಹೇಗೆ? ಬಡಿಸುವ ಕೈ ನಿಲ್ಲದೆ ಹಿರಿಯಳು ಎದ್ದಾಳು ಹೇಗೆ? ಬಡಿಸುವ ಕೈಯನ್ನು ನಾನು ಎಂದೂ ನಿಲ್ಲದ ಹಾಗೆ ಹೊಲಿದು ಇಟ್ಟಿದ್ದೆನಲ್ಲ. ಹೋಗಿ ಸ್ವಿಚ್ಚು ಆರಿಸಿದೆ. ಪದ್ದಕ್ಕ ಸ್ವಲ್ಪ ಹೊತ್ತು ಖಾಲಿ ಪರದೆಯನ್ನು ನೋಡಿ ಎದ್ದಳು. ಅವಳ ಹಿಂದೆ ಇಡೀ ಸಭೆ ಒಟ್ಟಿಗೆ ಎದ್ದಿತು. ಇಬ್ಬರು ಮೂವರು ಅಭ್ಯಾಸಬಲದಿಂದ ಕೈ ತೊಳೆಯುವ ಜಾಗ ಎಲ್ಲಿ ಅಂತ ಕೇಳಿದರು.

ಅವತ್ತು ಸಿಕ್ಕಿಬಿದ್ದವರಲ್ಲಿ ಒಬ್ಬ ಪತ್ರಕರ್ತರೂ ಇದ್ದರು. ಅವರು ಮರುದಿನ, ತುಂಬಿದ ಸಭೆ ಒಂದೇ ವಿಡಿಯೋವನ್ನು ಅಷ್ಟೂ ಹೊತ್ತು ಉಸಿರು ಬಿಗಿಹಿಡಿದು ನೋಡಿತು ಅಂತ ಬರೆದರು. ಅವರು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಸುದ್ದಿಯ ತುಣುಕು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ವಿಚಾರ ಸಂಕಿರಣಗಳಲ್ಲಿ ನನ್ನ ನೋಡುಗರ ತಾಳ್ಮೆಯ ಮೂಲ ಯಾವುದು ಅಂತ ಕೇಳುತ್ತಾರೆ. ನಾನು ಮಲೆನಾಡಿನ ಕಾಲಪ್ರಜ್ಞೆ ಅಂತೇನೋ ಗಂಭೀರವಾಗಿ ಹೇಳುತ್ತೇನೆ, ಜನ ಬರೆದುಕೊಳ್ಳುತ್ತಾರೆ. ಎಲೆ ಮಡಚುವ ವಿಷಯ ಎತ್ತುವುದಿಲ್ಲ. ನನ್ನ ವೃತ್ತಿಜೀವನ ನಿಂತಿರುವುದು ಪದ್ದಕ್ಕನ ಮರ್ಯಾದೆಯ ಮೇಲೆ ಅಂತ ನನಗೊಬ್ಬನಿಗೆ ಗೊತ್ತಿತ್ತು, ಅದು ಒಳಗೊಳಗೇ ಚುಚ್ಚುತ್ತಿತ್ತು. ಸಾಗರದಿಂದ ವಾಪಸ್ ಬರುವಾಗ ವ್ಯಾನಿನಲ್ಲೇ ಕೇಳಿದ್ದೆ, ಪದ್ದಕ್ಕ, ನಿಜ ಹೇಳು, ಇಷ್ಟ ಆಯ್ತಾ? ಅವಳು ಕಿಟಕಿಯ ಹೊರಗೆ ನೋಡುತ್ತ, ಸೆರಗಿನಿಂದ ಮುಖ ಒರೆಸಿಕೊಂಡು, ಉಪ್ಪಿಟ್ಟು ಚೆನ್ನಾಗಿತ್ತು ಅಂದಳು. ಉಪ್ಪಿಟ್ಟು ಆರಿ ಕಲ್ಲಾಗಿತ್ತು.

ಆಮೇಲೆ ಅವಳ ಆರೋಗ್ಯ ಕೆಟ್ಟಿತು. ತೀರ್ಥಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ದೊಡ್ಡ ಮನುಷ್ಯನಾಗಿ ಊರೂರು ತಿರುಗುತ್ತಿದ್ದೆ. ಒಂದು ಸಲ ಊರಿಗೆ ಬಂದಾಗ, ಪದ್ದಕ್ಕ ನಿನ್ನನ್ನ ಕೇಳ್ತಿದ್ದಳು, ಹೋಗಿ ನೋಡ್ಕಂಡು ಬಾ ಅಂತ ಅಮ್ಮ ಹೇಳಿದಳು. ಹೋದೆ. ಅದೇ ಕೊನೆಯ ಭೇಟಿ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ಇರಲಿಲ್ಲ.

ಕಾಯಿಲೆಯವರನ್ನು ನೋಡಲು ಹೋಗುವವರು ಹಣ್ಣು ತೆಗೆದುಕೊಂಡು ಹೋಗುತ್ತಾರೆ. ನಾನು ಲ್ಯಾಪ್‌ಟಾಪು ತೆಗೆದುಕೊಂಡು ಹೋದೆ. ಅವಳು ಮಂಚದ ಮೇಲೆ ದಿಂಬಿಗೆ ಒರಗಿದ್ದಳು, ಅರ್ಧ ಆಗಿದ್ದಳು. ನಾನು ಆರೋಗ್ಯ ವಿಚಾರಿಸಿ, ಅದಕ್ಕೆ ಅವಳು ಉತ್ತರ ಹೇಳಿ ಮುಗಿಸುವ ಮೊದಲೇ ಹೊಸ ವಿಡಿಯೋ ಹಚ್ಚಿದೆ. ಅದು ನನ್ನ ಮಹತ್ವದ ಕೃತಿ. ಅದರಲ್ಲಿ ನಾನೇ ಇದ್ದೇನೆ. ಮುಖ ಮಾತ್ರ. ಮುಕ್ಕಾಲು ಗಂಟೆ ಕ್ಯಾಮೆರಾವನ್ನೇ ನೋಡುತ್ತೇನೆ, ಬೇರೇನೂ ಮಾಡುವುದಿಲ್ಲ. ಪದ್ದಕ್ಕ ಯಾವತ್ತಿನಂತೆ ಸೆರಗು ಸರಿಮಾಡಿಕೊಂಡು ನೋಡತೊಡಗಿದಳು. ನಾನು ಎಂದಿನಂತೆ ಅವಳ ಮುಖ ನೋಡತೊಡಗಿದೆ. ನಾಲ್ಕು ನಿಮಿಷ ಆಗಿರಬಹುದು. ಅವಳು ಮಂಚದ ಅಂಚು ಹಿಡಿದು, ಕಾಲು ಕೆಳಗೆ ಬಿಟ್ಟು, ನಿಧಾನಕ್ಕೆ ಎದ್ದು ನಿಂತಳು.

ನನಗೆ ಗಾಬರಿಯಾಯಿತು. ಏನಾಯ್ತು ಪದ್ದಕ್ಕ, ಮಗಳನ್ನು ಕರೀಲಾ ಅಂತ ನಾನೂ ಎದ್ದೆ.

"ಎಂತದೂ ಆಗಿಲ್ಲ. ಮುಚ್ಚು ಅದನ್ನ, ಚೆನ್ನಾಗಿಲ್ಲ," ಅಂದಳು. "ನಿನ್ನ ಮುಖ ನೀನು ಚಡ್ಡಿ ಹಾಕ್ಕಂಡಾಗಿಂದ ನೋಡೀನಿ ಮಾರಾಯ. ಅದ್ರಾಗೆ ಹೊಸ್ದು ಎಂತ ಬಂದದೆ? ಸ್ವಲ್ಪ ಊದಿದೆ, ಅಷ್ಟೆ."

ಇಷ್ಟು ವರ್ಷ ಒಂದು ಅಭಿಪ್ರಾಯಕ್ಕೆ ಬಾಯಿಬಿಟ್ಟುಕೊಂಡು ಕಾದವನಿಗೆ ಅಭಿಪ್ರಾಯ ಸಿಕ್ಕಿತ್ತು. ಬಡಿಸುವವರಿಗೆ ಬೇಜಾರಾಗುವುದಿಲ್ಲವಾ ಅಂತ ಅವಳ ಮಾತನ್ನೇ ಅವಳಿಗೆ ತಿರುಗಿಸಿದೆ. ನನ್ನ ದನಿ ನನಗೇ ಚಿಕ್ಕ ಹುಡುಗನದಂತೆ ಕೇಳಿಸಿತು. ಅವಳು ಕಿಟಕಿಯ ಹತ್ತಿರದ ಕುರ್ಚಿಗೆ ಹೋಗಿ ಕೂತು, ಉಸಿರು ತಂದುಕೊಂಡು, "ಈಗ ಕೂರೋಷ್ಟು ಹೊತ್ತು ನನ್ನ ಹತ್ರ ಇಲ್ವಲ್ಲಾ," ಅಂದಳು. ಅದರಲ್ಲಿ ದುಃಖ ಇರಲಿಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು.

ನಾನು ಸುಮ್ಮನಿರಬೇಕಿತ್ತು. ಕಲಾವಿದರಿಗೆ ಅದು ಬರುವುದಿಲ್ಲ. ಹಂಗಾದರೆ ಸಾಗರದಲ್ಲಿ ಅಷ್ಟು ಸಲ ಕೂತು ನೋಡಿದೆಯಲ್ಲ, ಅದೂ ನನ್ನ ಮರ್ಯಾದೆ ಉಳಿಸೋಕಾ ಅಂತ ಕೇಳಿದೆ. ಪದ್ದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಬೇಜಾರು ಮಾಡ್ಕಬೇಡ," ಅಂದಳು. "ನಿನ್ನ ಕವರನ್ನ ನಾನು ಒಂದ್ಸಲನೂ ನೋಡ್ಲಿಲ್ಲ. ಎಡಗಡೆ ಕಂಬದ ಹತ್ರ ಇವ್ರು ನಿಂತಿದ್ರು."

ಯಾರು ಅಂತ ಕೇಳಿದೆ. ನಮ್ಮನೆಯವ್ರು ಅಂದಳು.

ಆಮೇಲೆ ಅವಳು ಹೇಳುತ್ತ ಹೋದಳು. ತಲೆಗೆ ಟವೆಲು ಸುತ್ತಿಕೊಂಡು, ನಮಗೆ ಬೆನ್ನು ಹಾಕಿ ನಿಂತಿದ್ದಾರೆ, ಹೆಬ್ಬೆಟ್ಟಿನಷ್ಟು ಕಾಣುತ್ತಾರೆ. ಬೇರೆ ಯಾರಿಗೂ ಗುರುತು ಸಿಕ್ಕುವ ಹಾಗಿಲ್ಲ. ಆದರೆ ಬಲಗಾಲ ಬೆರಳಿಂದ ಎಡಗಾಲ ಮೀನಖಂಡ ಕೆರೆದುಕೊಂಡು ನಿಲ್ಲುವುದು ಭೂಮಿಯ ಮೇಲೆ ಅವರೊಬ್ಬರೇ. ತೀರ್ಥಹಳ್ಳಿಯ ಬಸ್ಸು ಬರುತ್ತದೆ, ಹತ್ತುತ್ತಾರೆ, ಬಸ್ಸು ಹೋಗುತ್ತದೆ. ಮೊದಲ ಸಲ ಬಸ್ಸು ಹೋದಾಗ ಅವಳಿಗೆ ಎದೆ ನಿಂತಂತಾಯಿತಂತೆ, ಇದೇ ಕೊನೆ, ಇನ್ನು ಕಾಣುವುದಿಲ್ಲ ಅಂತ. ಕೂಗಿಕೊಳ್ಳುವಂತೆಯೂ ಇಲ್ಲ, ಸಭೆ. ಅಷ್ಟರಲ್ಲಿ ನಾನು ಹೊಲಿದ ಹೊಲಿಗೆ ಬಂತು. ಮಂಜು, ರಸ್ತೆ, ಕಂಬ, ಕಂಬದ ಹತ್ತಿರ ಅವರು.

"ಜೀವಮಾನದಾಗೆ ಒಂದಿನ ಹೇಳಿದ ಹೊತ್ತಿಗೆ ವಾಪಸ್ ಬಂದ ಮನುಷ್ಯ ಅಲ್ಲ," ಅಂದಳು. "ಅವತ್ತು ನೋಡು, ಹೋದ್ಹೋದಂಗೆ ಬರ್ತಿದ್ರು. ನಾನು ಹೆಂಗೆ ಏಳ್ಲಿ?"

ಅವತ್ತೇ ಯಾಕೆ ಹೇಳಲಿಲ್ಲ ಅಂದೆ. ನೀನು ಕವರು ಕವರು ಅಂತ ಅಷ್ಟು ಖುಷಿಯಾಗಿದ್ದೆಯಲ್ಲ ಅಂದಳು.

ಆ ವಿಡಿಯೋವನ್ನು ನಾನು ತಿಂಗಳುಗಟ್ಟಲೆ ಕೂತು ತಿದ್ದಿದವನು. ಕವರು ಹೊಳೆಯಲಿ ಅಂತ ಉಳಿದದ್ದನ್ನೆಲ್ಲ ಒಂದು ಬಣ್ಣ ಕಡಿಮೆ ಮಾಡಿದವನು. ಎಡಗಡೆ ಯಾರೋ ಕಾಲು ಕೆರೆದುಕೊಳ್ಳುತ್ತ ಕಿರಿಕಿರಿ ಮಾಡುತ್ತಿದ್ದಾರೆ, ಆ ಭಾಗ ಕತ್ತರಿಸಿ ಹಾಕಬೇಕು ಅಂತ ಎರಡು ಸಲ ಯೋಚಿಸಿದ್ದು ನೆನಪಿಗೆ ಬಂತು. ಕತ್ತರಿಸದೆ ಬಿಟ್ಟದ್ದು ಕಲಾದೃಷ್ಟಿಯಿಂದಲ್ಲ, ಸೋಮಾರಿತನದಿಂದ. ಬೆಳೆಯುವಾಗ ದಿನಾ ನೋಡಿದ, ನನಗೆ ಸೈಕಲ್ ಕಲಿಸುತ್ತ ಅರ್ಧಕ್ಕೇ ಬಿಟ್ಟು ಹೋದ ಗೋಪಾಲಣ್ಣನ ಬೆನ್ನು ನನಗೆ ಗುರುತು ಸಿಗಲಿಲ್ಲ. ನಾಲ್ಕು ಪುಟ ಬರೆದ ಕಣ್ಣು ಇದು. ನನಗೆ ಅಳು ಬಂತು, ಅದನ್ನು ಕೆಮ್ಮು ಮಾಡಿಕೊಂಡೆ.

"ಅದು ಇದ್ರಾಗೆ ಇದ್ಯಾ?" ಅಂತ ಪದ್ದಕ್ಕ ಲ್ಯಾಪ್‌ಟಾಪು ತೋರಿಸಿದಳು.

ಇತ್ತು. ನನ್ನ ಮುಖ ತೆಗೆದು 'ನಿಲ್ದಾಣ' ಹಚ್ಚಿದೆ. ಸುತ್ತುವ ಹಾಗೆ ಇಟ್ಟು, ಅವಳ ಮಡಿಲಿಗೇ ಲ್ಯಾಪ್‌ಟಾಪು ಕೊಟ್ಟು, ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಬಸ್ಸು ಬಂತು, ಹೋಯಿತು. ನಾನು ಮೊದಲ ಸಲ ನನ್ನ ವಿಡಿಯೋದ ಎಡಗಡೆಯನ್ನು ನೋಡಿದೆ. ಸುತ್ತು ಮುಗಿಯುತ್ತ ಬಂದಾಗ, ಹಾಳು ಅಭ್ಯಾಸ, ಇವತ್ತಾದರೂ ಹೇಳುತ್ತಾಳೆ ಅಂತ ತಡೆಯಲಾಗದೆ ಕೇಳಿಬಿಟ್ಟೆ, ಪದ್ದಕ್ಕ, ಇದು ಚೆನ್ನಾಗಿದೆಯಾ?

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸುಮ್ನಿರಾ," ಅಂದಳು. "ಅವ್ರು ಬಂದ್ರು."